ಎರಡು ಒಳಲೆ ರಮ್ಮು

೧೯೮೫ ಸೆಪ್ಟೆಂಬರ್ ೧೬, ಸೋಮವಾರ. ಸಂಜೆ ೬.೪೦

ಹುಳಿ ಎರಡನೆಯ ಸಲ ಬಿಸಿ ಮಾಡಿದೆ. ಅನ್ನ ಆರಿದೆ. ಗ್ಯಾರೇಜಿನ ಬಾಗಿಲು ಇನ್ನೂ ಸದ್ದು ಮಾಡಿಲ್ಲ.

ಇವರು ಮೆನ್ಲೋ ಪಾರ್ಕಿನ ಆಫೀಸಿನಿಂದ ಐದಕ್ಕೆ ಹೊರಟರೆ ಸೇತುವೆ ದಾಟಿ ಮಿಲ್ಪಿಟಾಸಿನ ಮನೆಗೆ ಐದು ಐವತ್ತು. ಹೋದ ವರ್ಷದ ತನಕ ಅದೇ ಲೆಕ್ಕ. ಈಗ ದಾರಿಯಲ್ಲಿ ಒಂದು ಬಾರು. ಮೂರು ಗ್ಲಾಸು ರಮ್ಮು. ಆಮೇಲೆ ಫ್ರೀವೇ.

ಆರರೊಳಗೆ ಬಂದರೆ ಗಂಡ, ಆರು ದಾಟಿದರೆ ಗಂಡಾಂತರ.

ಪ್ರಾಸ ಚೆನ್ನಾಗಿದೆ. ಬಾಳು ಚೆನ್ನಾಗಿಲ್ಲ.

೭.೨೫

ಬಂದರು. ಬಾಗಿಲು ಒಂದೇ ಸಲ ಸದ್ದು ಮಾಡಿತು, ತೆರೆದದ್ದು. ಸರಿಯಾಗಿದ್ದ ದಿನ ಕಾರಿನಿಂದ ಇಳಿದು ಗೋಡೆಯ ಗುಂಡಿ ಒತ್ತಿ ಮುಚ್ಚುತ್ತಾರೆ. ಎರಡು ಸದ್ದು. ಕುಡಿದ ದಿನ ಮರೆಯುತ್ತಾರೆ, ನಾನೇ ಹೋಗಿ ಮುಚ್ಚುತ್ತೇನೆ. ಮೂಸಿ ನೋಡಬೇಕಾಗಿಯೇ ಇಲ್ಲ. ಅಡುಗೆಮನೆಯಲ್ಲಿ ನಿಂತು ಎಣಿಸಿದರೆ ಸಾಕು — ಒಂದೋ, ಎರಡೋ.

ಸೆಪ್ಟೆಂಬರ್ ೧೭

ನಿನ್ನೆ ಇದೊಂದನ್ನು ಬರೆಯಲು ಕೈ ಬರಲಿಲ್ಲ. ಇವತ್ತು ಬರೆದುಬಿಡುತ್ತೇನೆ. ಹೋದ ಶುಕ್ರವಾರ ಮಗಳು ಇಂದುವನ್ನು ಗೆಳತಿಯ ಮನೆಯಿಂದ ಕರೆತಂದದ್ದು ಇವರೇ. ಕಾರಿನ ಬಲಗಡೆ ಉದ್ದಕ್ಕೂ ಗೀರು. ಫ್ರೀವೇ ಇಳಿಯುವಲ್ಲಿ ಕಬ್ಬಿಣದ ಬೇಲಿಗೆ ಉಜ್ಜಿತಂತೆ. ಮಗಳು ಕೂತದ್ದೂ ಬಲಗಡೆಗೇ. ಹದಿನೈದು ವರ್ಷದ ಹುಡುಗಿ, ಬಂದವಳೇ ಬಾತ್‌ರೂಮಿನ ಬಾಗಿಲು ಹಾಕಿಕೊಂಡಳು. ಅರ್ಧ ಗಂಟೆ ನಲ್ಲಿ ಹರಿಯುತ್ತಲೇ ಇತ್ತು.

ಇವತ್ತು ಕೇಳಿದೆ.

“ಐ ಆಮ್ ನಾಟ್ ಗೆಟಿಂಗ್ ಇನ್ ಹಿಸ್ ಕಾರ್ ಅಗೇನ್, ಅಮ್ಮ.”

“ಅಪ್ಪ ಕಣೇ ಅವರು. ಯಾರನ್ನೋ ಅಂದ ಹಾಗೆ ಅಂತೀಯಲ್ಲ.”

“ದೆನ್ ಯೂ ಡ್ರೈವ್.”

ಈ ದೇಶಕ್ಕೆ ಬಂದು ಹನ್ನೊಂದು ವರ್ಷ. ಕನ್ನಡ ಮೀಡಿಯಮ್ಮಿನ ಬಿ.ಎ. ಛಂದಸ್ಸು ಗೊತ್ತು, ಕ್ಲಚ್ಚು ಗೊತ್ತಿಲ್ಲ.

ಜೂನಿನಲ್ಲಿ ಇವರನ್ನು ಪೊಲೀಸರು ಒಮ್ಮೆ ಹಿಡಿದಿದ್ದಾರೆ. ಇನ್ನೊಮ್ಮೆ ಸಿಕ್ಕಿದರೆ ಲೈಸೆನ್ಸು ಹೋಗುತ್ತದೆ, ಜೈಲೂ ಆಗಬಹುದು ಎಂದರಂತೆ ಜಡ್ಜು. ನನಗೆ ಜೈಲಿನ ಭಯವಿಲ್ಲ. ಜೈಲಿನಲ್ಲಿ ಫ್ರೀವೇ ಇಲ್ಲ.

ಸೆಪ್ಟೆಂಬರ್ ೧೯

ಅತ್ತದ್ದಾಯಿತು, ಮಾತು ಬಿಟ್ಟದ್ದಾಯಿತು, ಎರಡು ಶನಿವಾರ ಉಪವಾಸ ಮಾಡಿದ್ದಾಯಿತು. ನಾನು ಎರಡು ಪೌಂಡು ಇಳಿದೆ. ಇವರು ಒಂದು ಗ್ಲಾಸೂ ಇಳಿಯಲಿಲ್ಲ. ಬೆಳಿಗ್ಗೆ ಕಾಫಿ ಕೊಡುತ್ತಾ ಕೊನೆಯದನ್ನೂ ಹೇಳಿಬಿಟ್ಟೆ.

“ರೀ, ಕುಡೀಲೇಬೇಕು ಅಂದ್ರೆ ಮನೇಲಿ ಕುಡೀರಿ.”

“ಮನೇಲಾ? ನಿನ್ನ ದೇವರ ಗೂಡಿನ ಪಕ್ಕದಲ್ಲಾ?”

“ದೇವರು ಅಡ್ಜಸ್ಟ್ ಮಾಡ್ಕೋತಾನೆ. ಫ್ರೀವೇ ಮಾಡ್ಕೊಳಲ್ಲ.”

ನಕ್ಕರು. ತಿಂಗಳಾಗಿತ್ತು ನಗು ನೋಡಿ. “ಆ ಬಾರಿನೋನು ಮಾಡೋ ಹಾಗೆ ನಿಂಗೆಲ್ಲಿ ಬರುತ್ತೆ ವಸು. ಅದಕ್ಕೊಂದು ಕೈ ಬೇಕು ಕಣೆ.”

ಕೈ! ಮಂಡ್ಯದ ಆಲೆಮನೆಯ ಪಕ್ಕದಲ್ಲಿ ಬೆಳೆದವಳಿಗೆ. ಬೆಲ್ಲ ಕಾಯಿಸುವ ಹೊಗೆಯಲ್ಲೇ ಅಕ್ಷರ ಕಲಿತವಳಿಗೆ. ರಮ್ಮು ಅಂದರೇನು ಮಹಾ? ಕಬ್ಬಿನ ಕಾಕಂಬಿಯಿಂದ ಇಳಿಸಿದ್ದು. ನಮ್ಮ ಬೆಲ್ಲದ ದಾಯಾದಿ.

ಸೆಪ್ಟೆಂಬರ್ ೨೧, ಶನಿವಾರ

ಪ್ಲೆಸೆಂಟನ್ನಿನ ಊರ್ಮಿಳಾಗೆ ಫೋನು ಮಾಡಿದೆ. ಅವಳ ಗಂಡ ಡಾಕ್ಟರ್ ವೆಂಕಟಾಚಲ ನಮ್ಮ ಇವರ ಹಾಸ್ಟೆಲ್ ಗೆಳೆಯ. ಅವರ ಮನೆಯಲ್ಲಿ ಬಾಟ್ಲಿಗಳಿಗೇ ಒಂದು ಗಾಜಿನ ಬೀರು ಇದೆ.

“ರಮ್ಮು, ನಿಂಬೆರಸ, ಸಕ್ಕರೆ, ಐಸು. ಅಷ್ಟೇ ಕಣ್ರೀ. ನಮ್ಮ ಶರಬತ್ತಿಗೆ ಕೆಟ್ಟ ಸಹವಾಸ” ಎಂದಳು.

ಸೀರೆಯುಟ್ಟು ಗ್ರೋಸರಿಗೆ ನಡೆದು ಹೋದೆ. ತಳ್ಳುಗಾಡಿಯಲ್ಲಿ ಕೊತ್ತಂಬರಿ ಸೊಪ್ಪು, ಕೆಳಗೆ ಕಪ್ಪು ರಮ್ಮಿನ ಬಾಟ್ಲಿ. ಕೌಂಟರಿನ ಹುಡುಗ ವಯಸ್ಸಿಗೆ ಸಾಕ್ಷಿ ಕೇಳಿದ. ನಲವತ್ತೈದು ವರ್ಷದ ಹೆಂಗಸಿಗೆ! ಈ ದೇಶದಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ.

ಲೈಬ್ರರಿ ಪುಸ್ತಕ ನೋಡಿ ಇಂದು ಓದಿದಳು. “ಟೂ ಔನ್ಸಸ್ ರಮ್, ಒನ್ ಔನ್ಸ್ ಲೈಮ್... ಅಮ್ಮ, ದಿಸ್ ಈಸ್ ಸೋ ವಿಯರ್ಡ್.”

“ಔನ್ಸು ಅಂದ್ರೆ ಎಷ್ಟೇ?”

ಅಳೆದು ನೋಡಿದೆವು. ಅವಳು ಕೂಸಾಗಿದ್ದಾಗ ಹಾಲು ಕುಡಿಸುತ್ತಿದ್ದ ಬೆಳ್ಳಿಯ ಒಳಲೆ, ಮೂತಿಯ ತನಕ ತುಂಬಿದರೆ ಸರಿಯಾಗಿ ಒಂದು ಔನ್ಸು. ಹಾಗಾದರೆ ಎರಡು ಒಳಲೆ ರಮ್ಮು.

ಅಳತೆಗೆ ಒಳಲೆ, ಅಳಲಿಗೆ ಹಾಳೆ.

ಸೆಪ್ಟೆಂಬರ್ ೨೩

ಹಳದಿ ನಿಂಬೆ ಸಪ್ಪೆ. ಹಸಿರು ಸಣ್ಣದೇ ನಮ್ಮೂರಿನದಕ್ಕೆ ಹತ್ತಿರ. ಸಕ್ಕರೆ ಬಿಟ್ಟು ಬೆಲ್ಲದ ಪಾಕ ಹಾಕಿದೆ. ಮುಚ್ಚಳ ಇರುವ ಸ್ಟೀಲ್ ಡಬ್ಬದಲ್ಲಿ ಐಸಿನ ಜೊತೆ ಕುಲುಕಿದೆ, ಕೈ ಮರಗಟ್ಟುವವರೆಗೆ. ಒಂದು ಹನಿ ನಾಲಿಗೆಗಿಟ್ಟು ಸಿಂಕಿಗೆ ಉಗಿದೆ. ಕಣ್ಣಲ್ಲಿ ನೀರು. ರಮ್ಮಿನದೋ ಮಂಡ್ಯದ್ದೋ ತಿಳಿಯಲಿಲ್ಲ.

ಐದು ಐವತ್ತೈದಕ್ಕೆ ಬಾಗಿಲ ಸದ್ದು. ಎರಡು ಸಲ!

ಕುಡಿದರು. ಗ್ಲಾಸು ಬೆಳಕಿಗೆ ಹಿಡಿದರು. “ಪರ್ವಾಗಿಲ್ವೇ! ಆ ಬಾರಿನೋನು ನಿನ್ನ ಹತ್ರ ಟ್ಯೂಷನ್ ತಗೋಬೇಕು.”

ಹೊಗಳಿಸಿಕೊಂಡು ಹಿಗ್ಗಿದೆ. ಗಂಡನಿಗೆ ಹೆಂಡ ಕಲೆಸಿ ಹಿಗ್ಗಿದ ಹೆಂಡತಿ.

ಮೂರು ಗ್ಲಾಸು. ಸೋಫಾದಲ್ಲೇ ನಿದ್ದೆ. ಆದರೆ ಕಾರು ಒಳಗಿದೆ. ಕಾರು ಒಳಗಿದೆ.

ಸೆಪ್ಟೆಂಬರ್ ೩೦

ಒಂದು ವಾರ, ದಿನವೂ ಐದು ಐವತ್ತು. ಮಗಳು ಮಾತ್ರ ಅಪ್ಪ ಬಂದೊಡನೆ ಮೆಟ್ಟಿಲು ಹತ್ತಿ ರೂಮು ಸೇರುತ್ತಾಳೆ.

ಇವತ್ತಿನಿಂದ ನನ್ನ ಎರಡನೆಯ ಕೆಲಸ. ಎರಡು ಒಳಲೆ ಎಂದರೆ ಹನ್ನೆರಡು ಟೀ ಚಮಚ. ಗ್ಲಾಸಿಗೆ ಒಂದು ಚಮಚ ಇಳಿಸಿದೆ, ಆ ಜಾಗಕ್ಕೆ ಒಂದು ಚಮಚ ಕಪ್ಪು ಟೀ. ನಾಲ್ಕು ದಿನಕ್ಕೊಂದು ಚಮಚ. ಗೊತ್ತಾಗಬಾರದು. ಗೊತ್ತಾದರೆ ಮತ್ತೆ ಆ ಬಾರು, ಆ ಸೇತುವೆ, ಆ ಬೇಲಿ.

ಅಕ್ಟೋಬರ್ ೮

ಹನ್ನೆರಡರಿಂದ ಒಂಬತ್ತಕ್ಕೆ.

“ಇವತ್ತು ಸ್ವಲ್ಪ ಸಪ್ಪೆ ಅನ್ನಿಸ್ತಪ್ಪ.”

“ಐಸು ಜಾಸ್ತಿ ಆಯ್ತೇನೋ” ಎಂದೆ.

ಶುಂಠಿ ಜಜ್ಜಿ ಹಾಕಬೇಕು. ಎರಡು ಕಾಳುಮೆಣಸು. ಗಂಟಲು ಉರಿಯಬೇಕು, ತಲೆ ತಿರುಗಬಾರದು.

ಅಕ್ಟೋಬರ್ ೨೧

ಒಂದೇ ಒಳಲೆಗೆ ಬಂತು! ಆರು ಚಮಚ.

ಉಪಾಯ ಕಲಿತಿದ್ದೇನೆ. ರಮ್ಮನ್ನು ಜೊತೆಗೆ ಕುಲುಕುವುದಿಲ್ಲ. ಟೀ, ಶುಂಠಿ, ಬೆಲ್ಲ, ನಿಂಬೆ ಮೊದಲು. ರಮ್ಮು ಕೊನೆಗೆ, ಚಮಚದ ಬೆನ್ನ ಮೇಲಿಂದ ಮೆಲ್ಲಗೆ, ಮೇಲೆ ತೇಲುವ ಹಾಗೆ. ಮೂಗಿಗೆ ಮೊದಲು ಅದೇ ಸಿಗುತ್ತದೆ. ನಾಲಿಗೆ ಮೂಗನ್ನು ನಂಬುತ್ತದೆ.

ಊಟದ ಮೇಲೆ ಇವರು ಇಂದುವಿನ ಲೆಕ್ಕ ನೋಡಿದರು. ಬೆರಳು ಮೊದಲಿನ ಹಾಗೆ ನಡುಗಲಿಲ್ಲ. ಬೆಳಿಗ್ಗೆ ಅವಳು ಬಸ್ಸು ತಪ್ಪಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಇವರು ಕಾರಿನ ಬಾಗಿಲು ತೆರೆದು ಕಾದರು. ನನ್ನ ಮುಖ ನೋಡಿದಳು. ನಾನು ತಲೆ ಆಡಿಸಿದೆ. ಹತ್ತಿದಳು.

ನನ್ನ ಅಳತೆಯ ಮೇಲೆ ನನ್ನ ಮಗಳನ್ನು ಕೂರಿಸಿ ಕಳಿಸಿದೆ.

ನವೆಂಬರ್ ೩

ಕೆಟ್ಟೆ. ದೀಪಾವಳಿಗೆ ಮುಂಚಿನ ಭಾನುವಾರ ಮಧ್ಯಾಹ್ನಕ್ಕೆ ವೆಂಕಟಾಚಲ, ಊರ್ಮಿಳಾರನ್ನು ಊಟಕ್ಕೆ ಕರೆದಿದ್ದಾರೆ. ಬರೀ ಊಟಕ್ಕಲ್ಲ.

“ನನ್ನ ಹೆಂಡತಿ ಕೈ ರಮ್ಮು ಕುಡಿದು ನೋಡೋ, ಆಮೇಲೆ ನಿನ್ನ ಬೀರು ಮಾರಿಬಿಡು ಅಂದಿದೀನಿ!”

“ಹಬ್ಬದ ದಿನ ಯಾಕ್ರೀ ಅದು?”

“ಹಬ್ಬ ಮಂಗಳವಾರ ಕಣೆ.”

ಇಷ್ಟು ಹೆಮ್ಮೆಯಿಂದ ಇವರು ನನ್ನ ಬಗ್ಗೆ ಮಾತಾಡಿ ಎಷ್ಟು ವರ್ಷವಾಯಿತು. ಅದೂ ಇಂಥದಕ್ಕೆ.

ನವೆಂಬರ್ ೯, ಶನಿವಾರ

ಗ್ಲಾಸಿಗೆ ಈಗ ಒಂದೇ ಚಮಚ. ಅದೂ ಮೂಗಿನ ಪಾಲು. ಉಳಿದದ್ದು ಪಾನಕ.

ನಾಳೆ ಏನು ಮಾಡಲಿ? ಎಲ್ಲರಿಗೂ ಎರಡು ಒಳಲೆ ಹುಯ್ದರೆ ಆರು ವಾರದ ಕೆಲಸ ಒಂದೇ ಮಧ್ಯಾಹ್ನದಲ್ಲಿ ಹಾಳು. ಅವರಿಬ್ಬರಿಗೆ ನಿಜವಾದದ್ದು, ಇವರಿಗೆ ನನ್ನದು? ಅದೇ ಬುದ್ಧಿವಂತಿಕೆ. ಎರಡು ಡಬ್ಬ ಪಕ್ಕಪಕ್ಕ ಇಟ್ಟೂ ನೋಡಿದೆ. ಆಗಲಿಲ್ಲ.

ನಮ್ಮಪ್ಪ ಪ್ರೈಮರಿ ಮೇಷ್ಟರು. ಒಂದು ಮದುವೆಯಲ್ಲಿ ತಮ್ಮ ಎಲೆಗೆ ತುಪ್ಪ ಬಡಿಸಿದವರು ಪಕ್ಕದಲ್ಲಿ ಕೂತ ಶಾಲೆಯ ಜವಾನನ ಎಲೆ ದಾಟಿ ಹೋದರು ಎಂದು ಅರ್ಧ ಊಟಕ್ಕೆ ಎದ್ದು ಬಂದವರು. ನನ್ನ ಕೈ ಹಿಡಿದು ಎಬ್ಬಿಸಿದರು. ಪಾಯಸ ಇನ್ನೂ ಬಂದಿರಲಿಲ್ಲ. ಒಂದೇ ಪಂಕ್ತಿಯಲ್ಲಿ ಕೂರಿಸಿ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಬಡಿಸುವುದಕ್ಕಿಂತ ಹಸಿದು ಕಳಿಸುವುದು ಮೇಲು ಎಂದರು, ದಾರಿಯುದ್ದಕ್ಕೂ.

ಗಂಡನಿಗೆ ಆರು ವಾರ ಮೋಸ ಮಾಡಲು ಬಂದ ಕೈಗೆ ಪಂಕ್ತಿಭೇದ ಮಾಡಲು ಬರುವುದಿಲ್ಲವಂತೆ!

ಎಲ್ಲರಿಗೂ ಒಂದೇ. ನನ್ನದೇ. ಶುಂಠಿ ಇನ್ನಷ್ಟು ಜಜ್ಜುತ್ತೇನೆ.

ನವೆಂಬರ್ ೧೦, ಭಾನುವಾರ. ಮಧ್ಯಾಹ್ನ ೩.೪೦

ಕಾರು ಹೋಯಿತು. ಬರೆಯದಿದ್ದರೆ ತಲೆ ಒಡೆಯುತ್ತದೆ.

ಒಂದು ಗಂಟೆಗೆ ಬಂದರು. ಕಜ್ಜಾಯದ ತಟ್ಟೆ ಇಟ್ಟೆ. ಮೂರು ಗ್ಲಾಸು ತಂದೆ. ವೆಂಕಟಾಚಲ ಮೂಸಿ, “ಆಹಾ” ಎಂದರು. ಒಂದು ಗುಟುಕು ಕುಡಿದರು. ಇನ್ನೊಂದು. ಗ್ಲಾಸು ಕೆಳಗಿಟ್ಟರು.

“ಅತ್ತಿಗೆ, ಇದು ರಾಮನವಮಿ ಪಾನಕ ಅಲ್ವಾ? ರಮ್ಮೆಲ್ಲಿ?”

“ಏಯ್, ನಿನ್ನ ನಾಲಿಗೆ ಸತ್ತಿದೆ ಕಣೋ” ಎಂದರು ಇವರು. ತಮ್ಮದನ್ನು ಅರ್ಧ ಮುಗಿಸಿ ಸೋಫಾಕ್ಕೆ ಒರಗಿದ್ದರು. “ಅರ್ಧ ಗ್ಲಾಸಿಗೇ ಕಿಕ್ಕು ಹೊಡೀತಿದೆ ನಂಗೆ.”

“ಕಿಕ್ಕಾ? ಲೋ ಪುಟ್ಟಸ್ವಾಮಿ, ಶುಂಠಿಗೆ ಕಿಕ್ಕು ಹೊಡೆಸ್ಕೊಂಡೋನು ನೀನೇ ಫಸ್ಟು!”

ಊರ್ಮಿಳಾ ಗಂಡನ ತೊಡೆ ಚಿವುಟಿದಳು. ಅವರು ನಗುತ್ತಲೇ ಎದ್ದು, ನಾನೇ ಕಲೆಸುತ್ತೇನೆ ತಡೀರಿ ಎಂದು ಅಡುಗೆಮನೆಗೆ ಹೋದರು. ನಾನು ಹಿಂದೆ ಓಡುವಷ್ಟರಲ್ಲಿ ಒಳಲೆ ಎತ್ತಿಕೊಂಡು ಬಂದಿದ್ದರು.

“ಇದ್ರಲ್ಲಾ ಅಳೆಯೋದು? ಒಳಲೇಲಿ! ಕೂಸಿಗೆ ಕುಡಿಸೋ ಹಾಗೆ!”

ಇವರು ನಗಲಿಲ್ಲ. ಒಳಲೆ ನೋಡಿದರು. ಗ್ಲಾಸು ನೋಡಿದರು. ನನ್ನನ್ನು ನೋಡಿದರು.

“ಎಷ್ಟು ದಿನದಿಂದ?”

ನಾನು ವೆಂಕಟಾಚಲರ ಕೈಯಿಂದ ಒಳಲೆ ತೆಗೆದುಕೊಂಡೆ.

“ಎಷ್ಟು ದಿನದಿಂದ ನಂಗೆ ಒಳಲೆ ಹಾಕ್ತಿದೀಯ, ವಸು?”

“ಆರು ವಾರ.”

“ನಾನು ದಿನಾ ಆಫೀಸಲ್ಲಿ ಐದು ಗಂಟೆ ಆಗೋದನ್ನೇ ಕಾಯ್ತಿದ್ದೆ. ಪಾನಕಕ್ಕೆ.” ಧ್ವನಿ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ಮೇಜಿನ ಮೇಲಿಂದ ಕೀಲಿ ತಗೊಂಡರು. ಇಂದು ಮೆಟ್ಟಿಲ ಮೇಲೆ ನಿಂತು, “ಅಪ್ಪಾ” ಎಂದಳು. ಕನ್ನಡದಲ್ಲಿ. ಅಷ್ಟರಲ್ಲಿ ಬಾಗಿಲ ಸದ್ದು. ಒಂದೇ.

ವೆಂಕಟಾಚಲ ಹಿಂದೆಯೇ ಕಾರು ತೆಗೆದರು. ಅರ್ಧ ಗಂಟೆ ಸುತ್ತಿ ಬಂದರು, ಸಿಗಲಿಲ್ಲ. ಆ ಬಾರು ಎಲ್ಲಿದೆ ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು? ಹದಿನಾಲ್ಕು ತಿಂಗಳು ಶಪಿಸಿದ್ದೇನೆ, ಹೆಸರು ಕೇಳಿಲ್ಲ.

೫.೧೫

ಅವರನ್ನು ಬಲವಂತ ಮಾಡಿ ಕಳಿಸಿದೆ. ಸಾಲು ಸಾಲಾಗಿ ಕ್ಷಮೆ ಕೇಳುತ್ತಾ ಕೂತರೆ ನಾನು ಬಾಗಿಲಿನ ಸದ್ದನ್ನು ಹೇಗೆ ಕೇಳಿಸಿಕೊಳ್ಳಲಿ? ಹೊರಗೆ ಸೈರನ್. ದೂರ ಹೋಯಿತು. ಇನ್ನೊಂದು.

ಇಂದು ಹೇಳಿದಳು: “ಯೂ ಶುಡ್ ಹ್ಯಾವ್ ಟೋಲ್ಡ್ ಹಿಮ್.”

ಹೌದು.

ಪ್ರಾಸ ಹುಡುಕಿದೆ. ಯಾವುದಕ್ಕೂ ಯಾವುದೂ ಕೂಡುತ್ತಿಲ್ಲ.

ನವೆಂಬರ್ ೧೧

ಬದುಕಿದ್ದಾರೆ. ಆರೂಕಾಲಿಗೆ ಬಾರಿನವನ ಫೋನು ಬಂತು. ಪರ್ಸಿನ ಚೀಟಿಯಲ್ಲಿ ಮನೆಯ ನಂಬರಿತ್ತಂತೆ. ಕಾರಿನಲ್ಲಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಮಲಗಿದ್ದಾರೆ, ಕೀಲಿ ಕಾಲ ಕೆಳಗೆ ಬಿದ್ದಿದೆ, ಬಂದು ಕರೆದುಕೊಂಡು ಹೋಗಿ ಎಂದ. ಬಾ ಎಂದರೆ ಹೇಗೆ ಬರಲಿ? ನನ್ನ ಗಂಡ ಏಳು ಮೈಲಿ ದೂರದಲ್ಲಿ. ನನಗೆ ಬರುವುದು ನಡೆಯುವುದೊಂದೇ. ಪಾಪ, ಆಗಷ್ಟೇ ಮನೆ ತಲುಪಿದ ವೆಂಕಟಾಚಲ ಮತ್ತೆ ಪ್ಲೆಸೆಂಟನ್ನಿನಿಂದ ಬಂದು ಹೊತ್ತುಕೊಂಡು ಬಂದರು. ಊರ್ಮಿಳಾ ನಮ್ಮ ಕಾರು ತಂದಳು.

ಮೂರೇ ಗ್ಲಾಸು ಕುಡಿದದ್ದು. ಮಾಮೂಲಿನಷ್ಟೇ.

ಡಾಕ್ಟರು ಕಾಫಿ ಕುಡಿಯುತ್ತಾ ಹೇಳಿದರು: “ಅತ್ತಿಗೆ, ಆರು ವಾರದಲ್ಲಿ ಮೈಗೆ ಅಭ್ಯಾಸ ತಪ್ಪಿದೆ. ಮೊದಲಿನ ಮೂರು ಈಗ ಆರಕ್ಕೆ ಸಮ. ಅದಕ್ಕೇ ಕಾರು ಸ್ಟಾರ್ಟ್ ಮಾಡೋಕ್ ಮುಂಚೆನೇ ಬಿದ್ದ.”

“ಹತ್ತು ನಿಮಿಷ ತಡವಾಗಿ ಬಿದ್ದಿದ್ರೆ?”

ಗ್ಲಾಸಿನಲ್ಲಿ ಕಾಫಿ ಮುಗಿದಿತ್ತು. ಆದರೂ ಕುಡಿಯುತ್ತಾ ಕೂತರು.

ನನ್ನ ಅಳತೆ ಕೊಲ್ಲಲಿತ್ತೋ ಉಳಿಸಿತೋ. ಹತ್ತು ನಿಮಿಷದ ವ್ಯತ್ಯಾಸ.

ಕೀಲಿ ಅಕ್ಕಿ ಡಬ್ಬದ ತಳದಲ್ಲಿದೆ.

ನವೆಂಬರ್ ೧೬

ಐದು ದಿನ ಮಾತಿಲ್ಲ. ಆಫೀಸಿನ ಅಡಿವೆಪ್ಪ ಎಂಬ ಧಾರವಾಡದ ಕಡೆಯವರು ಇದೇ ರಸ್ತೆಯಲ್ಲಿದ್ದಾರೆ. ಅವರ ಕಾರಿನಲ್ಲಿ ಹೋಗಿ ಬರುತ್ತಿದ್ದಾರೆ. ಬಾಟ್ಲಿ ಸಿಂಕಿನ ಕೆಳಗೇ ಇದೆ. ಮುಟ್ಟಿಲ್ಲ. ಬೆವರುತ್ತಾರೆ, ಸಿಡುಕುತ್ತಾರೆ, ಕೈ ಮತ್ತೆ ನಡುಗುತ್ತದೆ.

ಇವತ್ತು ಸಂಜೆ ಅಡುಗೆಮನೆಗೆ ಬಂದರು. ಬಾಟ್ಲಿ ತೆಗೆದು ಕಟ್ಟೆಯ ಮೇಲಿಟ್ಟರು. ಒಳಲೆ ತೊಳೆದು ಪಕ್ಕದಲ್ಲಿಟ್ಟರು.

“ನನ್ನ ಕಣ್ಣೆದುರಿಗೆ ಅಳೆ.”

“ಎಷ್ಟು?”

“ನೀನು ಹೇಳು.”

“ಒಂದು ಒಳಲೆ. ದಿನಕ್ಕೊಂದೇ ಗ್ಲಾಸು. ನಾಲ್ಕು ದಿನಕ್ಕೊಂದು ಚಮಚ ಕಡಿಮೆ.”

ತಲೆಯಾಡಿಸಿದರು. ಆಮೇಲೆ ಕಿಟಕಿಯ ಕಡೆ ನೋಡುತ್ತಾ: “ಆ ಆರು ವಾರ... ಕೈ ನಡುಗೋದು ನಿಂತಿತ್ತಲ್ಲ, ನಂಗೆ ಗೊತ್ತಾಗಿತ್ತು ವಸು. ಯಾಕೆ ನಿಂತಿದೆ ಅಂತ ಕೇಳ್ಕೊಳೋಕೆ ಹೋಗ್ಲಿಲ್ಲ. ಕೇಳಿದ್ರೆ ಮತ್ತೆ ಶುರುವಾಗುತ್ತೆ ಅನ್ನಿಸ್ತು.”

ಅಳೆದೆ. ಎರಡು ಹನಿ ಚೆಲ್ಲಿತು. ಚೆಲ್ಲಿದ್ದನ್ನು ಇಬ್ಬರೂ ನೋಡಿದೆವು. ಯಾರೂ ಒರೆಸಲಿಲ್ಲ.

ನವೆಂಬರ್ ೨೮

ಮೂರು ಚಮಚ. ಒಳಲೆ ಈಗ ಇವರೇ ಹಿಡಿಯುತ್ತಾರೆ, ನಾನು ಚಮಚ ಎಣಿಸುತ್ತೇನೆ.

ರಜೆಯಾದ್ದರಿಂದ ಊರ್ಮಿಳಾ ಬಂದು ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಸ್ಟಿಯರಿಂಗು ಹಿಡಿಸಿದಳು. ಒಂದು ಶಾಪಿಂಗ್ ಗಾಡಿಗೆ ಗುದ್ದಿದೆ. ಗಾಡಿಗೆ ಏನೂ ಆಗಲಿಲ್ಲ. ಲೈಸೆನ್ಸಿಗೆ ಫೆಬ್ರವರಿ ಎನ್ನುತ್ತಾಳೆ. ಫೆಬ್ರವರಿ ಬಹಳ ದೂರ.

ಡಿಸೆಂಬರ್ ೩

ಅಡಿವೆಪ್ಪನವರ ಫೋನು. “ವೈನಿ, ನಾಳಿಂದ ಮೂರು ವಾರ ನಾ ಇರಂಗಿಲ್ರೀ, ಊರಿಗೆ ಹೊಂಟೀನಿ. ಸ್ವಾಮಿಯವ್ರು ಹೆಂಗ ಹೋಗ್ತಾರ ನೋಡ್ರಿ.”

ಹೇಗೆ ಹೋಗುತ್ತಾರೆ? ಊಟದ ಹೊತ್ತಿನಲ್ಲಿ ಮೂವರೂ ಅಕ್ಕಿ ಡಬ್ಬದ ಕಡೆ ನೋಡಲಿಲ್ಲ. ಅಂದರೆ ಮೂವರಿಗೂ ಗೊತ್ತು.

ಡಿಸೆಂಬರ್ ೪, ಬುಧವಾರ. ಬೆಳಿಗ್ಗೆ

ಕೊಟ್ಟೆ. ಕೀಲಿಗೆ ಅಂಟಿದ್ದ ಎರಡು ಅಕ್ಕಿಕಾಳನ್ನು ಇವರು ಬಿಡಿಸಿ ನನ್ನ ಅಂಗೈಗೆ ಹಾಕಿದರು.

ಇಂದುವಿಗೆ ಲೈಬ್ರರಿಯಲ್ಲಿ ಗ್ರೂಪ್ ಸ್ಟಡಿ ಇದೆ. ಬಸ್ಸಿನಲ್ಲಿ ಬಾರೇ ಎಂದೆ. ಶೂ ಕಟ್ಟಿಕೊಳ್ಳುತ್ತಾ ಅವಳೇ ಕೇಳಿದಳು: “ಅಪ್ಪ, ಕ್ಯಾನ್ ಯು ಪಿಕ್ ಮಿ ಅಪ್? ಫೈವ್ ಫಾರ್ಟಿ?”

ಇವರು ನನ್ನ ಕಡೆ ನೋಡಲಿಲ್ಲ. “ಬರ್ತೀನಿ ಪುಟ್ಟ” ಎಂದರು.

ಸಂಜೆ ೫.೫೦

ಎರಡು ಚಮಚದ ದಿನ. ನಿಂಬೆ ಹಿಂಡಿಟ್ಟೆ. ಒಳಲೆ ತೊಳೆದಿಟ್ಟೆ. ಗ್ಲಾಸಿಗೆ ಐಸು ಹಾಕಿದೆ. ಸಾಂಬಾರಿಗೆ ಒಗ್ಗರಣೆ ಆಯಿತು.

೬.೦೫

ಸೇತುವೆಯ ಮೇಲೆ ಟ್ರಾಫಿಕ್ಕು ಇರಬಹುದು. ಬುಧವಾರ ಇರುತ್ತದೆಯೇ? ಗುರುವಾರ ಇರುತ್ತದೆ.

೬.೨೦

ಲೈಬ್ರರಿಗೆ ಫೋನು ಮಾಡಿದೆ. ಆ ಹುಡುಗಿ ಆಗಲೇ ಹೋದಳು, ಅವಳ ತಂದೆ ಬಂದಿದ್ದರು ಎಂದರು. ಎಷ್ಟು ಹೊತ್ತಾಯಿತು? ನೋಡಲಿಲ್ಲ ಎಂದರು. ಹೇಗಿದ್ದರು ಎಂದು ಕೇಳಲು ಬಾಯಿ ತೆರೆದೆ. ಇಂಗ್ಲಿಷು ಬರಲಿಲ್ಲ.

೬.೩೫

ಐಸು ಪೂರ್ತಿ ನೀರಾಗಿದೆ. ಬಲಗಡೆ ಕೂರಬೇಡ ಕಣೇ ಎಂದು ಹೇಳಿ ಕಳಿಸಬೇಕಿತ್ತು. ಹಿಂದೆ ಕೂರು ಎಂದು. ಬೆಲ್ಟು ಹಾಕಿಕೋ ಎಂದು. ಕೀಲಿ ಕೊಟ್ಟದ್ದು ನಾನು. ಈ ಕೈ.

೬.೪೧

ಬಂತು. ಬಾಗಿಲು. ಗಡಗಡ ತೆರೆದುಕೊಂಡಿತು. ಕಾರು ಒಳಗೆ ಬಂತು. ಎಂಜಿನ್ನು ನಿಂತಿತು. ಎಣಿಸುತ್ತಿದ್ದೇನೆ. ಒಂದು. ಎಷ್ಟು ಹೊತ್ತು ಬೇಕು, ಇಳಿದು ಗೋಡೆಯ ತನಕ ನಾಲ್ಕು ಹೆಜ್ಜೆಗೆ. ಒಂದು ಆಯಿತು. ಎರಡನೆಯದು —